ಮಲ್ಪೆಯ ಕೊಕ್ಕೆ, ನಮ್ಮ ಸೊಕೊಬಾನ್

ಕೊನೆಯ ವರ್ಷದ ಪ್ರಾಜೆಕ್ಟಿಗೆ ಕಂಪ್ಯೂಟರ್ ಆಟ ಮಾಡುತ್ತೇವೆಂದು ನಾವು ನಾಲ್ವರು ಹೆಸರು ಕೊಟ್ಟಾಗ ಗೈಡ್ ಮೇಡಂ ಹಾಕಿದ್ದು ಒಂದೇ ಶರತ್ತು. ಹಳೆಯ, ಹೆಸರಾದ ಒಗಟಿನ ಆಟವೊಂದನ್ನು ಹಿಡಿದುಕೊಳ್ಳಬೇಕು, ಅದರ ಒಂದು ನಿಯಮವನ್ನು ಮಾತ್ರ ಬದಲಾಯಿಸಬೇಕು. "ಬರೀ ಬಣ್ಣ ಬಳಿದು ತಂದರೆ ವಾಪಸು ಕಳುಹಿಸುತ್ತೇನೆ" ಎಂದರು. ಆಗ ನಮಗೆ ಅದು ಸುಲಭದ ಮಾತಿನಂತೆ ಕೇಳಿಸಿತ್ತು.

ಮೊದಲ ಸಭೆ ಸೇರಿದ್ದು ಮಂಗಳೂರಿನ ನಮ್ಮ ಕಾಲೇಜಿನ ಕ್ಯಾಂಟೀನಿನಲ್ಲಿ. ಜುಲೈಯ ಮಳೆ, ತಟ್ಟೆಯಲ್ಲಿ ಗೋಳಿಬಜೆ. ಒಬ್ಬೊಬ್ಬರೂ ಐದೈದು ಚೀಟಿ ಬರೆದು ಮೇಜಿನ ಮೇಲೆ ಹಾಕುವುದು, ಅರ್ಧ ಗಂಟೆಯವರೆಗೆ ಯಾರದ್ದನ್ನೂ ಯಾರೂ ಹಳಿಯಬಾರದು ಎಂದು ನಿಯಮ ಮಾಡಿಕೊಂಡೆವು. ಹತ್ತೇ ನಿಮಿಷದಲ್ಲಿ ಅದು ಮುರಿಯಿತು. ನಾನು ಬರೆದ ಮೊದಲ ಚೀಟಿ ಟೆಟ್ರಿಸ್: ಮೇಲಿನಿಂದ ಮುರಕಲ್ಲು ಬೀಳುತ್ತದೆ, ಕೆಳಗೆ ಮನೆಯ ಗೋಡೆ ಏಳುತ್ತದೆ. "ಇದರಲ್ಲಿ ಕಲ್ಲು ಬಿಟ್ಟರೆ ಬೇರೆ ಏನುಂಟು ಮಾರಾಯ್ತಿ?" ಎಂದು ಕಾರ್ಕಳದವನು ಕೇಳಿದ. ಸಿಟ್ಟು ಬಂದದ್ದು ಹೌದು, ಆದರೆ ಉತ್ತರ ಇರಲಿಲ್ಲ. 1984ರಲ್ಲಿ ಮಾಸ್ಕೋದ ಪಾಜಿಟ್ನೊವ್ ಮಾಡಿದ ಆ ಏಳು ಆಕಾರಗಳಿಗೆ ನಾನು ಕೆಂಪು ಬಣ್ಣ ಹಚ್ಚಿದ್ದೆ, ಅಷ್ಟೆ. ಅಡಗಿದ ಬಾಂಬುಗಳ ಜಾಗದಲ್ಲಿ ಮಳೆಗಾಲದ ರಸ್ತೆಗುಂಡಿಗಳನ್ನಿಟ್ಟ ಮೈನ್‌ಸ್ವೀಪರ್ ಎಲ್ಲರನ್ನೂ ನಗಿಸಿತು, ಅದೂ ಬಣ್ಣವೇ.

ಪುತ್ತೂರಿನವಳ ಚೀಟಿಯಲ್ಲಿ ಹದಿನೈದು ಬಿಲ್ಲೆಗಳ ಜಾರುಪಟ್ಟಿ ಇತ್ತು, ಬಿಲ್ಲೆಗಳ ಜಾಗದಲ್ಲಿ ಮಂಗಳೂರು ಹೆಂಚು. ನಾಲ್ಕು ಸಾಲು, ನಾಲ್ಕು ಕಂಬ, ಒಂದು ಖಾಲಿ ಮನೆ; ಜಾರಿಸುತ್ತ ಜಾರಿಸುತ್ತ 1ರಿಂದ 15ರವರೆಗಿನ ಅಂಕಿಗಳನ್ನು ಕ್ರಮಕ್ಕೆ ತರಬೇಕು. ಈ ಆಟದ ಚಂದ ಏನೆಂದರೆ ಬಿಲ್ಲೆಗಳನ್ನು ಎತ್ತಿ ಮನಬಂದಂತೆ ಜೋಡಿಸಿಟ್ಟರೆ ಸರಿಯಾಗಿ ಅರ್ಧದಷ್ಟು ಜೋಡಣೆಗಳು ಬಿಡಿಸಲಾಗದವು. ಉಳಿದೆಲ್ಲ ಸರಿಯಿದ್ದು 14 ಮತ್ತು 15 ಮಾತ್ರ ಅದಲುಬದಲಾಗಿದ್ದರೆ ಜನ್ಮವಿಡೀ ಜಾರಿಸಿದರೂ ಆಗುವುದಿಲ್ಲ. ಅವಳು ಗಣಿತದವಳು, ಇದನ್ನು ಹೇಳುವಾಗ ಚಹಾ ತಣ್ಣಗಾದದ್ದೂ ಗೊತ್ತಾಗಲಿಲ್ಲ. ಆದರೂ ಹೆಂಚು ಅಲ್ಲಿ ಮಾಡುವ ಕೆಲಸವೇನು? ಅದನ್ನೂ ಬದಿಗಿಟ್ಟೆವು. ಚೆನ್ನೆಮಣೆಯ ಚೀಟಿಯೂ ಇತ್ತು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ, ಅಪ್ಪಟ ನಮ್ಮೂರಿನದು, ಹೊರಗೆ ಅದನ್ನು ಆಡುವ ಆಟಿ ತಿಂಗಳ ಮಳೆಯೂ ಹೊಯ್ಯುತ್ತಿತ್ತು. ಆದರೆ ಅದು ಇಬ್ಬರ ನಡುವಿನ ಲೆಕ್ಕದ ಪಂದ್ಯ. ಒಬ್ಬರೇ ಕುಳಿತು ಬಿಡಿಸುವ ಒಗಟಲ್ಲ. ಅದನ್ನು ಬಿಟ್ಟದ್ದಕ್ಕೆ ನನಗೆ ಈಗಲೂ ಸ್ವಲ್ಪ ಬೇಸರವಿದೆ.

ಸೊಕೊಬಾನ್ ಎಂದು ಬರೆದವನು ಮಲ್ಪೆಯವನು. ಆಟ ಗೊತ್ತಿಲ್ಲದವರಿಗೆ ಎರಡು ಮಾತು: ಜಪಾನಿನ ಹಿರೋಯುಕಿ ಇಮಾಬಯಾಶಿ 1981ರಲ್ಲಿ ರೂಪಿಸಿದ ಆಟ, ಹೆಸರಿನ ಅರ್ಥ ಗೋದಾಮಿನ ಕಾವಲುಗಾರ. ಒಂದು ಗೋದಾಮು, ಕೆಲವು ಪೆಟ್ಟಿಗೆಗಳು, ಅಷ್ಟೇ ಸಂಖ್ಯೆಯ ಗುರುತು ಮಾಡಿದ ಜಾಗಗಳು. ಆಳು ಪೆಟ್ಟಿಗೆಯನ್ನು ತಳ್ಳಬಹುದು, ಎಳೆಯುವಂತಿಲ್ಲ. ಒಂದು ಸಲಕ್ಕೆ ಒಂದೇ ಪೆಟ್ಟಿಗೆ. ಗುರುತಿಲ್ಲದ ಮೂಲೆಗೆ ಹೋದ ಪೆಟ್ಟಿಗೆ ಹೋದಂತೆಯೇ. ಇವನ ಮನಸ್ಸಿನಲ್ಲಿದ್ದದ್ದು ಮಲ್ಪೆ ಬಂದರಿನ ದಕ್ಕೆಯಲ್ಲಿ, ಅಂದರೆ ಬೋಟುಗಳಿಂದ ಮೀನು ಇಳಿಸುವ ಕಟ್ಟೆಯಲ್ಲಿ, ಕಾಣುವ ಮೀನಿನ ಬಾಕ್ಸುಗಳು. "ಮೊದಲು ದಕ್ಕೆ ನೋಡಿ, ಆಮೇಲೆ ಬೇಡ ಅನ್ನಿ" ಎಂದ.

ನೋಡಲು ಆಗಸ್ಟಿನವರೆಗೆ ಕಾಯಬೇಕಾಯಿತು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಬೋಟುಗಳು ಒಂದಕ್ಕೊಂದು ತಾಗಿ ನಿಂತಿರುತ್ತವೆ. ನಿಷೇಧ ಮುಗಿದ ಮೇಲೆ ಒಂದು ಶುಕ್ರವಾರ ಸಂಜೆ ಉಡುಪಿಯ ಬಸ್ ಹತ್ತಿ, ರಾತ್ರಿ ಅವನ ಮನೆಯಲ್ಲಿ ಉಳಿದು, ಬೆಳಕು ಹರಿಯುವ ಮೊದಲೇ ದಕ್ಕೆಯಲ್ಲಿದ್ದೆವು. ನಾನು ಪುಸ್ತಕ ಹಿಡಿದು ಬರೆದುಕೊಂಡದ್ದು ಎರಡೇ ಸಾಲು. ಒಂದು, ನೆಲ ಪೂರ್ತಿ ಒದ್ದೆ, ಐಸಿನ ಚೂರು, ಮೀನಿನ ಲೋಳೆ, ಚಪ್ಪಲಿ ನಿಲ್ಲುವುದಿಲ್ಲ. ಎರಡು, ಬಾಕ್ಸುಗಳನ್ನು ಯಾರೂ ತಳ್ಳುತ್ತಿರಲಿಲ್ಲ. ಕೈಯಲ್ಲಿ ಕಬ್ಬಿಣದ ಕೊಕ್ಕೆ, ಅದನ್ನು ಬಾಕ್ಸಿನ ಹಿಡಿಗೆ ಸಿಕ್ಕಿಸಿ ದರದರನೆ ಎಳೆದುಕೊಂಡು ಹೋಗುತ್ತಿದ್ದರು.

ನಿಯಮ ಸಿಕ್ಕಿತು ಎಂದು ನಾವು ಕುಣಿದೆವು. ತಳ್ಳುವುದರ ಜೊತೆಗೆ ಎಳೆಯುವುದು! ಊರಿನದ್ದೂ ಆಯಿತು, ನಿಯಮವೂ ಬದಲಾಯಿತು. ಕಂಪ್ಯೂಟರ್ ಕೋಡಿಗೆ ಕೈ ಹಾಕುವ ಮೊದಲು ಕಾಗದದ ಮೇಲೆ ಆಡಿ ನೋಡಿ ಎಂದು ಮೇಡಂ ಹೇಳಿದ್ದರಿಂದ ನಾವು ಬಚಾವಾದೆವು. ಗ್ರಾಫ್ ಹಾಳೆ, ಬಾಕ್ಸುಗಳಿಗೆ ಹುಣಸೆಬೀಜ, ಆಳಿಗೆ ಒಂದು ಅಂಗಿಗುಂಡಿ. ಪುತ್ತೂರಿನವಳ ತಮ್ಮ ಎಂಟನೇ ತರಗತಿಯ ಹುಡುಗ; ಅವನ ಮುಂದೆ ಇಟ್ಟೆವು. ಎಲ್ಲಿಯೂ ತಡೆದು ನಿಲ್ಲದೆ, ತಲೆ ಕೆರೆದುಕೊಳ್ಳದೆ ಆರು ಹಂತಗಳನ್ನೂ ಮುಗಿಸಿ, "ಮತ್ತೆ?" ಎಂದ.

ಕಾರಣ ಆ ರಾತ್ರಿ ಹೊಳೆಯಿತು. ಒಂದು ಹೆಜ್ಜೆ ತಳ್ಳಿದ ಆಳು ನಿಂತಿರುವುದು ಬಾಕ್ಸ್ ಮೊದಲಿದ್ದ ಮನೆಯಲ್ಲಿ, ಅವನ ಬೆನ್ನ ಹಿಂದಿನ ಮನೆ ಖಾಲಿ, ಏಕೆಂದರೆ ಅವನು ಬಂದದ್ದೇ ಅಲ್ಲಿಂದ. ಹಾಗಾಗಿ ಎಳೆಯುವುದಕ್ಕೆ ಅನುಮತಿ ಇದ್ದರೆ ಯಾವ ತಪ್ಪನ್ನೂ ಕೂಡಲೇ ಹಿಂದಕ್ಕೆ ತರಬಹುದು. ಸಿಕ್ಕಿಹಾಕಿಕೊಳ್ಳುವ ಭಯವೇ ಇಲ್ಲ. ಇಮಾಬಯಾಶಿಯ ಆಟ ಪೂರ್ತಿ ನಿಂತಿದ್ದದ್ದು ಆ 'ಎಳೆಯುವಂತಿಲ್ಲ' ಎಂಬ ಒಂದು ಸಾಲಿನ ಮೇಲೆ, ನಾವು ಕಿತ್ತದ್ದು ಅದನ್ನೇ. ಹಂತಕ್ಕೆ ಒಂದೇ ಸಲ ಕೊಕ್ಕೆ ಬಳಸಬಹುದು ಎಂದು ಮಾಡಿ ನೋಡಿದೆವು. ಆಗ ಜನ ಕೊಕ್ಕೆಯನ್ನು ಮದುವೆಯ ಸೀರೆಯಂತೆ ಕೊನೆಯವರೆಗೂ ಎತ್ತಿಟ್ಟುಕೊಂಡರು, ಬಳಸಲೇ ಇಲ್ಲ.

ಉಳಿದದ್ದು ನನ್ನ ಟಿಪ್ಪಣಿಯ ಮೊದಲ ಸಾಲು. ಕೆಲವು ಮನೆಗಳು ಒದ್ದೆ: ಅಲ್ಲಿಗೆ ತಳ್ಳಿದ ಬಾಕ್ಸ್ ನಿಲ್ಲುವುದಿಲ್ಲ, ಒಣ ನೆಲ ಸಿಗುವವರೆಗೆ ಅಥವಾ ಎದುರಿಗೆ ಏನಾದರೂ ತಡೆಯುವವರೆಗೆ ಜಾರುತ್ತದೆ. ಆಳು ಮಾತ್ರ ಒಂದೇ ಹೆಜ್ಜೆ ಮುಂದೆ ಬರುತ್ತಾನೆ. ಇದು ಆಡುವವರ ಹಿಡಿತವನ್ನು ಕಡಿಮೆ ಮಾಡುವ ನಿಯಮ, ಕೊಕ್ಕೆಗೆ ಸರಿಯಾಗಿ ವಿರುದ್ಧ. ಅದೇ ಹುಡುಗ ಮೂರನೇ ಹಂತದಲ್ಲಿ ಕಾಲು ಗಂಟೆ ಕುಳಿತ, ಒಂದು ಬಾಕ್ಸನ್ನು ಬೇಕೆಂದೇ ಅಡ್ಡ ಇಟ್ಟು ಇನ್ನೊಂದನ್ನು ಅದಕ್ಕೆ ತಾಗಿಸಿ ನಿಲ್ಲಿಸಬಹುದು ಎಂದು ಕಂಡುಹಿಡಿದ. ನಮಗೇ ಅದು ಹೊಳೆದಿರಲಿಲ್ಲ. ಮೇಡಂ ಒಪ್ಪಿಗೆ ಕೊಟ್ಟದ್ದು ಆ ಹಾಳೆಯನ್ನು ನೋಡಿ.

ಆಟವನ್ನು ಗೊಡೊ ಎಂಬ ಆಟ ಕಟ್ಟುವ ತಂತ್ರಾಂಶದಲ್ಲಿ ಕಟ್ಟುವುದಕ್ಕೆ ಹೆಚ್ಚು ದಿನ ಬೇಕಾಗಲಿಲ್ಲ. ಹಂತಗಳನ್ನು ಸೊಕೊಬಾನಿನ ಹಳೆಯ ರೂಢಿಯಂತೆ ಬರೀ ಅಕ್ಷರಗಳ ಕಡತದಲ್ಲಿಟ್ಟೆವು: ಗೋಡೆಗೆ #, ಬಾಕ್ಸಿಗೆ $, ಗುರಿಗೆ ಚುಕ್ಕಿ, ಆಳಿಗೆ @, ಒದ್ದೆ ನೆಲಕ್ಕೆ ~ ಸೇರಿಸಿಕೊಂಡೆವು. ಬೇರೆಯವರ ಹಂತಗಳನ್ನು ಎತ್ತಿಕೊಳ್ಳಬಾರದು ಎಂದು ಮೊದಲೇ ತೀರ್ಮಾನಿಸಿದ್ದೆವು. ನಿಯಮ ಯಾರ ಸೊತ್ತೂ ಅಲ್ಲ, ಆದರೆ ಒಬ್ಬರು ಕುಳಿತು ರಚಿಸಿದ ನಕ್ಷೆ ಅವರದ್ದು.

ಕಷ್ಟವಾದದ್ದು ಅಲ್ಲಿಯೇ. ಕೈಯಲ್ಲಿ ರಚಿಸಿದ ಹಂತಕ್ಕೆ ಉತ್ತರ ಇದೆಯೇ ಎಂದು ತಿಳಿಯುವುದು ಹೇಗೆ? ಎಲ್ಲ ಸ್ಥಿತಿಗಳನ್ನೂ ಹುಡುಕುವ ಪೈಥಾನ್ ಪ್ರೋಗ್ರಾಂ ಬರೆದೆವು. ಇಪ್ಪತ್ತು ಮನೆ, ನಾಲ್ಕು ಬಾಕ್ಸ್ ಎಂದರೆ ಬಾಕ್ಸುಗಳನ್ನು ಇಡುವ ಬಗೆ 4,845; ಆಳು ನಿಲ್ಲುವ ಜಾಗವೂ ಸೇರಿದರೆ 77,520. ಲ್ಯಾಪ್‌ಟಾಪಿಗೆ ಅದೇನೂ ಅಲ್ಲ. ಆ ಧೈರ್ಯದಲ್ಲಿ ನಲವತ್ತು ಮನೆ, ಎಂಟು ಬಾಕ್ಸಿನ ಹಂತ ಕೊಟ್ಟು ಊಟಕ್ಕೆ ಹೋದೆವು. ಬಂದು ನೋಡಿದರೆ ಲ್ಯಾಪ್‌ಟಾಪ್ ಕಲ್ಲಾಗಿತ್ತು. ಲೆಕ್ಕ ಹಾಕಿದ ಮೇಲೆ ಗೊತ್ತಾಯಿತು, ಅದು 246 ಕೋಟಿ ಸ್ಥಿತಿಗಳ ಸಂತೆ. ಈ ಆಟ ಕಂಪ್ಯೂಟರಿಗೂ ಬಹಳ ಕಠಿಣ ವರ್ಗಕ್ಕೆ ಸೇರಿದ್ದೆಂದು ಕಂಪ್ಯೂಟರ್ ವಿಜ್ಞಾನಿ ಜೋಸೆಫ್ ಕಲ್ಬರ್ಸನ್ 1997ರಲ್ಲಿಯೇ ತೋರಿಸಿದ್ದರು. ನಾವು ಓದಿದ್ದು ಆಮೇಲೆ. ಇಪ್ಪತ್ತೈದು ಮನೆ, ಐದು ಬಾಕ್ಸಿಗೆ ಮಿತಿ ಹಾಕಿಕೊಂಡೆವು. ಗುರುತಿಲ್ಲದ ಮೂಲೆಗೆ ಬಾಕ್ಸ್ ಹೋದ ಕೂಡಲೇ ಆ ದಾರಿಯನ್ನು ಕೈಬಿಡುವಂತೆ ಮಾಡಿದ ಮೇಲೆ ಓಟ ಚುರುಕಾಯಿತು.

ಕೊಕ್ಕೆ ಮರಳಿ ಬಂದದ್ದು ಆಗ. ಹಂತಗಳನ್ನು ಮುಂದಿನಿಂದ ಬಿಡಿಸುವ ಬದಲು ಹಿಂದಿನಿಂದ ಹುಟ್ಟಿಸೋಣ ಎಂದು ಮಲ್ಪೆಯವನೇ ಹೇಳಿದ. ಬಾಕ್ಸುಗಳೆಲ್ಲ ಗುರಿಯ ಮೇಲೆ ಕುಳಿತ ಸ್ಥಿತಿಯಿಂದ ಶುರು ಮಾಡಿ, ಅವುಗಳನ್ನು ಎಳೆಯುತ್ತ ಎಳೆಯುತ್ತ ಆದಷ್ಟು ದೂರ ಒಯ್ಯುವುದು. ಎಳೆದ ದಾರಿಯಲ್ಲಿಯೇ ತಳ್ಳಿದರೆ ಬಿಡಿಸಿದಂತೆ, ಆದ್ದರಿಂದ ಹುಟ್ಟಿದ ಪ್ರತಿ ಹಂತಕ್ಕೂ ಉತ್ತರ ಇದ್ದೇ ಇರಬೇಕು.

ಇರಲಿಲ್ಲ. ಹುಟ್ಟಿಸಿದ ಹಂತಗಳಲ್ಲಿ ಕೆಲವಕ್ಕೆ ಉತ್ತರವೇ ಇಲ್ಲವೆಂದು ಹುಡುಕುವ ಪ್ರೋಗ್ರಾಂ ಹಟ ಹಿಡಿಯಿತು. ಎರಡು ದಿನ ನಾವು ಅದನ್ನೇ ಬೈದೆವು, ಅದರೊಳಗೇ ತಪ್ಪು ಹುಡುಕಿದೆವು. ಅದು ಸತ್ಯವನ್ನೇ ಹೇಳುತ್ತಿತ್ತು. ಒದ್ದೆ ನೆಲದ ನಟ್ಟನಡುವೆ ನಿಂತ ಬಾಕ್ಸನ್ನು ನಾವು ಆರಾಮವಾಗಿ ಎಳೆಯುತ್ತಿದ್ದೆವು. ಆದರೆ ಅದು ಅಲ್ಲಿ ಬಂದು ನಿಂತದ್ದಾದರೂ ಹೇಗೆ? ಜಾರಿ ಬಂದ ಬಾಕ್ಸ್ ನಿಲ್ಲಬೇಕಾದರೆ ಎದುರಿಗೆ ತಡೆ ಇರಬೇಕು, ಇಲ್ಲವೇ ಕಾಲಡಿ ಒಣಗಿರಬೇಕು. ಇನ್ನೂ ಒಂದು ಸಂಗತಿ: ತಳ್ಳಿದ ಆಳಿನಿಂದ ಬಾಕ್ಸ್ ನಾಲ್ಕು ಮನೆ ದೂರ ಹೋಗಿರಬಹುದು, ಹಾಗಾದರೆ ಹಿಂದಕ್ಕೆ ಎಳೆಯುವವನೂ ನಾಲ್ಕು ಮನೆ ದೂರದಿಂದ ಎಳೆಯಬೇಕು. ಕೊಕ್ಕೆಗೆ ಹಗ್ಗ ಕಟ್ಟಿದ ಹಾಗೆ. ಈ ಎರಡು ನಿಬಂಧನೆಗಳನ್ನು ಬರೆದ ಮೇಲೆ ಎರಡು ಪ್ರೋಗ್ರಾಂಗಳ ಜಗಳ ನಿಂತಿತು.

ಯಂತ್ರ ಹುಟ್ಟಿಸಿದ ಹಂತಗಳಲ್ಲಿ ಹೆಚ್ಚಿನವು ಬೇಜಾರಿನವು. ಹೆಜ್ಜೆ ಬಹಳ, ಯೋಚನೆ ಕಡಿಮೆ. ನೂರಾರು ಹಂತಗಳನ್ನು ಆಡಿ ನಾವು ಇಟ್ಟುಕೊಂಡದ್ದು 24, ಅದರಲ್ಲಿ ಒಂಬತ್ತು ಕೈಯಲ್ಲಿ ರಚಿಸಿದವು. ಚಿತ್ರ, ಸದ್ದು ಎಲ್ಲ ಕೊನೆಯ ವಾರದ ಕೆಲಸ. ಬಂಗುಡೆಯ ಬಾಕ್ಸಿಗೂ ಬೂತಾಯಿಯ ಬಾಕ್ಸಿಗೂ ನಮ್ಮ ಚಿತ್ರದಲ್ಲಿ ವ್ಯತ್ಯಾಸವೇ ಗೊತ್ತಾಗುವುದಿಲ್ಲ ಎಂದು ಮಲ್ಪೆಯವನ ಅಮ್ಮ ಆಕ್ಷೇಪಿಸಿದರು, ಸರಿಯಾದ ಆಕ್ಷೇಪವೇ.

ವೈವಾ ಮುಗಿದ ಮೇಲೆ ಲ್ಯಾಪ್‌ಟಾಪ್ ಹಿಡಿದುಕೊಂಡು ಮತ್ತೆ ಮಲ್ಪೆಗೆ ಹೋದೆವು. ಗೆಳೆಯನ ದೊಡ್ಡಪ್ಪ ದಕ್ಕೆಯಲ್ಲಿ ದುಡಿದವರು. ಮೊದಲ ಹಂತದಲ್ಲಿಯೇ ಬಾಕ್ಸನ್ನು ಮೂಲೆಗೆ ತಳ್ಳಿಬಿಟ್ಟು, ಕೀಲಿಗಳ ಮೇಲೆ ಬೆರಳಾಡಿಸುತ್ತ, "ಎಳೆಯುವುದಕ್ಕೆ ಯಾವುದನ್ನು ಒತ್ತಬೇಕು?" ಎಂದು ಕೇಳಿದರು. ಗೆಳೆಯ ಮಾತಾಡದೆ ಕೈ ಚಾಚಿ ಇಟ್ಟ ಹೆಜ್ಜೆಯೊಂದನ್ನು ರದ್ದು ಮಾಡುವ ಕೀಲಿಯನ್ನು ಒತ್ತಿದ.