ಮೊಬೈಲ್ ಹೋಮ್ ಕೊಳ್ಳುವುದು ಹೇಗೆ: ಮೊದಲು ಜಾಗದ ಬಾಡಿಗೆ ಕೇಳಿ

ಸ್ಯಾನ್ ಹೋಸೆ, ಸನ್ನಿವೇಲ್ ಕಡೆ ಕೆಲಸಕ್ಕೆ ಬಂದ ನಮ್ಮವರು ನಾಲ್ಕೈದು ವರ್ಷ ಅಪಾರ್ಟ್‌ಮೆಂಟ್ ಬಾಡಿಗೆ ಕಟ್ಟಿ ಸುಸ್ತಾದ ಮೇಲೆ ಒಂದು ಭಾನುವಾರ ಫೋನ್ ಮಾಡುತ್ತಾರೆ. ‘ಸರ್, ಮೂರು ಬೆಡ್‌ರೂಮಿನ ಮನೆ, ಎರಡೂವರೆ ಲಕ್ಷ ಡಾಲರ್ ಅಷ್ಟೇ. ರಸ್ತೆ ಆಚೆ ಇಷ್ಟೇ ದೊಡ್ಡ ಮನೆಗೆ ಇಪ್ಪತ್ತು ಲಕ್ಷ ಹೇಳ್ತಿದ್ದಾರೆ!’ ದನಿಯಲ್ಲಿ ಲಾಟರಿ ಹೊಡೆದ ಖುಷಿ. ‘ಜಾಗದ ಬಾಡಿಗೆ ಎಷ್ಟು?’ ಅಂತ ಕೇಳುತ್ತೇನೆ. ‘ಅಯ್ಯೋ, ಅದನ್ನ ಕೇಳಲೇ ಇಲ್ಲ.’

ಈ ಉತ್ತರ ಕೇಳಿ ಕೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಹೇಳುವ ಕಾನೂನು ಕ್ಯಾಲಿಫೋರ್ನಿಯಾದ್ದು. ಟೆಕ್ಸಾಸ್‌ನಲ್ಲೋ ಅರಿಜೋನಾದಲ್ಲೋ ಇರುವವರು ತಮ್ಮ ರಾಜ್ಯದ್ದನ್ನು ನೋಡಿಕೊಳ್ಳಬೇಕು.

ಮೊಬೈಲ್ ಅನ್ನುವುದು ಹೆಸರಿಗೆ ಮಾತ್ರ. ಮನೆಯನ್ನು ಕಾರ್ಖಾನೆಯಲ್ಲಿ ಕಟ್ಟಿ, ಉಕ್ಕಿನ ಚೌಕಟ್ಟಿನ ಮೇಲೆ ಚಕ್ರ ಹಾಕಿ ಎಳೆದು ತಂದು, ಪಾರ್ಕಿನೊಳಗೆ, ಅಂದರೆ ಇಂಥ ಮನೆಗಳಿಗೇ ಇರುವ ಬಡಾವಣೆಯಲ್ಲಿ, ಕಂಬಗಳ ಮೇಲೆ ಕೂರಿಸುತ್ತಾರೆ. ಆಮೇಲೆ ಅದು ಅಲ್ಲಾಡುವುದು ಅಪರೂಪ. ಕೀಳಿಸಿ ಸಾಗಿಸಲು ಖರ್ಚು ಜಾಸ್ತಿ, ಮೇಲಾಗಿ ಹಳೆ ಮನೆಯನ್ನು ಒಳಗೆ ಬಿಟ್ಟುಕೊಳ್ಳುವ ಇನ್ನೊಂದು ಪಾರ್ಕ್ ಸಿಗುವುದು ಕಷ್ಟ. ನೀವು ಕೊಳ್ಳುವುದು ಮನೆಯನ್ನು. ಕೆಳಗಿನ ನೆಲ ಪಾರ್ಕಿನವರದು. ಅದಕ್ಕೆ ತಿಂಗಳು ತಿಂಗಳು ಬಾಡಿಗೆ. ಇಲ್ಲಿನವರ ಬಾಯಲ್ಲಿ ಅದು ಸ್ಪೇಸ್ ರೆಂಟ್.

ಹೆಜ್ಜೆ 1: ಪಾರ್ಕ್ ಯಾರಿಗೆ ಅಂತ ನೋಡಿ

ಜಾಹೀರಾತಿನಲ್ಲಿ ‘55+’ ಅಂತ ಇದ್ದರೆ ಅದನ್ನು ಬಿಟ್ಟು ಮುಂದಿನದನ್ನು ನೋಡಿ. ಅದು ಹಿರಿಯರ ಪಾರ್ಕ್. ಮನೆಯಲ್ಲಿ ಸಾಮಾನ್ಯವಾಗಿ ಒಬ್ಬರಿಗಾದರೂ 55 ದಾಟಿರಬೇಕು. ‘ಊರಿಂದ ಅಪ್ಪ ಅಮ್ಮ ಆರು ತಿಂಗಳು ಬಂದಿರ್ತಾರಲ್ಲ’ ಎಂಬ ಲೆಕ್ಕ ಇಲ್ಲಿ ನಡೆಯಲ್ಲ. ಕೊಂಡು ಬಾಡಿಗೆಗೆ ಕೊಡುತ್ತೇನೆ ಅನ್ನುವವರಿಗೂ ಮೊಬೈಲ್ ಹೋಮ್ ಹೇಳಿ ಮಾಡಿಸಿದ್ದಲ್ಲ. ಕೊಂಡವರೇ ಇರಬೇಕು ಅನ್ನುವುದು ಹೆಚ್ಚಿನ ಪಾರ್ಕುಗಳ ನಿಯಮ.

ಹೆಜ್ಜೆ 2: ಮನೆ ನೋಡುವ ಮೊದಲು ಲೀಸ್ (ಜಾಗದ ಬಾಡಿಗೆ ಕರಾರು) ಓದಿ

ಎಲ್ಲರೂ ಎಡವುವುದು ಇಲ್ಲೇ. ನಾನೂ ಎಡವಿದ್ದೆ. ಬಾಡಿಗೆ ನಿಯಂತ್ರಣ ಇಲ್ಲದ ಊರೊಂದರಲ್ಲಿ ಮನೆ ಮೆಚ್ಚಿಕೊಂಡೆ. ಮಾರುವ ಅಜ್ಜಿ ತಮ್ಮ ಬಾಡಿಗೆ ಚೀಟಿ ತೋರಿಸಿದರು, 980 ಡಾಲರ್. ಪರವಾಗಿಲ್ಲ ಅಂದುಕೊಂಡು ಮುಂಗಡ ಕೊಟ್ಟೆ. ಪಾರ್ಕ್ ಆಫೀಸಿಗೆ ಹೋದರೆ ನನ್ನ ಮುಂದಿಟ್ಟ ಕಾಗದದಲ್ಲಿ 1,330 ಇತ್ತು. ‘ಅದು ಅವರ ಬಾಡಿಗೆ, ಇದು ನಿಮ್ಮದು’ ಅಂದರು ಮ್ಯಾನೇಜರ್, ಪೆನ್ನು ನನ್ನ ಕಡೆ ತಳ್ಳುತ್ತಾ. ಕಾನೂನಿನಲ್ಲಿ ತಪ್ಪಿರಲಿಲ್ಲ. ತಪ್ಪು ನನ್ನದು, ಕೇಳಿರಲಿಲ್ಲ.

ಹಾಗಾಗಿ ಮಾರುವವರ ಬಾಡಿಗೆ ಕೇಳಬೇಡಿ. ಕೊಳ್ಳುವವರಿಗೆ ಎಷ್ಟು ಅಂತ ಪಾರ್ಕ್ ಆಫೀಸಿಗೇ ಹೋಗಿ ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ. ಕಳೆದ ಐದು ವರ್ಷ ವರ್ಷಕ್ಕೆ ಎಷ್ಟೆಷ್ಟು ಏರಿತು ಅಂತಲೂ ಕೇಳಿ. ಆಫೀಸಿನಲ್ಲಿ ಹೇಳದಿದ್ದರೆ ಸಂಜೆ ನಾಯಿ ಕರೆದುಕೊಂಡು ಓಡಾಡುವವರನ್ನು ಮಾತಾಡಿಸಿ. ಬಾಡಿಗೆ ವಿಷಯ ಬಂದರೆ ಪಾರ್ಕಿನಲ್ಲಿ ವಾಸ ಇರುವವರು ತಡೆಯದೆ ಮಾತಾಡುತ್ತಾರೆ. ನೀರು, ಕಸ, ಒಳಚರಂಡಿ ಬಾಡಿಗೆಯಲ್ಲೇ ಸೇರಿದೆಯೋ ಬೇರೆ ಬಿಲ್ಲೋ, ಅದನ್ನೂ ತಿಳಿದುಕೊಳ್ಳಿ.

ಊರಿನಿಂದ ಊರಿಗೆ ನಿಯಮ ಬೇರೆ. ಸ್ಯಾನ್ ಹೋಸೆಯಲ್ಲಿ ವಾರ್ಷಿಕ ಏರಿಕೆಗೆ ಮಿತಿ ಇದೆ: ಬೆಲೆ ಸೂಚ್ಯಂಕದ ಏರಿಕೆಯ ಮುಕ್ಕಾಲು ಭಾಗ, ಅದೂ 3ರಿಂದ 7 ಶೇಕಡದ ಒಳಗೆ. ಮೌಂಟನ್ ವ್ಯೂನಲ್ಲಿ 2021ರಲ್ಲಿ ಇಂಥದೇ ನಿಯಮ ಬಂತು. ನಿಯಂತ್ರಣ ಇರುವ ಊರಿನಲ್ಲೂ ಮನೆ ಕೈ ಬದಲಾಗುವಾಗ ಬಾಡಿಗೆ ಏರಿಸಬಹುದೇ ಅಂತ ನಗರದ ವಸತಿ ಇಲಾಖೆಗೆ ಒಂದು ಫೋನ್ ಹಾಕಿ. ಹತ್ತು ನಿಮಿಷದ ಕೆಲಸ.

ಈಗ ಲೆಕ್ಕ. ಬಾಡಿಗೆ 1,600 ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 4 ಶೇಕಡ ಏರಿದರೆ ಹತ್ತು ವರ್ಷಕ್ಕೆ 2,368. ಇದು ನಿಮ್ಮ ಜೇಬಿಗೆ ಮಾತ್ರ ಬೀಳುವ ಪೆಟ್ಟಲ್ಲ. ನಾಳೆ ನಿಮ್ಮಿಂದ ಕೊಳ್ಳುವವರೂ ತಿಂಗಳಿಗೆ ಇಷ್ಟು ಅಂತ ಲೆಕ್ಕ ಹಾಕಿಯೇ ಬರುತ್ತಾರೆ. 9 ಶೇಕಡ ಬಡ್ಡಿಯ 20 ವರ್ಷದ ಸಾಲದಲ್ಲಿ ತಿಂಗಳಿಗೆ 100 ಡಾಲರ್ ಕಂತು ಅಂದರೆ ಸುಮಾರು 11,000 ಡಾಲರ್ ಸಾಲ. ಅಂದರೆ ಬಾಡಿಗೆ 100 ಏರಿದಾಗಲೆಲ್ಲ ನಿಮ್ಮ ಮನೆಗೆ ಅವರು ಕೊಡಬಲ್ಲ ಬೆಲೆ ಅಷ್ಟು ಇಳಿಯಿತು. ಮನೆ ನೀವು ಎಷ್ಟೇ ಚೆನ್ನಾಗಿ ಇಟ್ಟುಕೊಳ್ಳಿ.

ಲೀಸ್‌ಗೆ ಸಹಿ ಹಾಕದೆ ಮನೆಗೆ ದುಡ್ಡು ಕಟ್ಟಬೇಡಿ. ಸಿವಿಲ್ ಕೋಡ್ 798.75 ಪ್ರಕಾರ ಮಾರಾಟದ ಪತ್ರದ ಜೊತೆ ಪಾರ್ಕಿನವರೂ ನೀವೂ ಸಹಿ ಹಾಕಿದ ಬಾಡಿಗೆ ಕರಾರು ಇರಬೇಕು, ಇಲ್ಲವೇ ಷರತ್ತಿಗೆ ಒಪ್ಪಿದ್ದೇವೆ ಎಂಬ ಇಬ್ಬರ ಹೇಳಿಕೆ. ಅದಿಲ್ಲದೆ ಮನೆ ಕೊಂಡರೆ ಮನೆ ನಿಮ್ಮದಾಗುತ್ತದೆ, ಅಲ್ಲಿರುವ ಹಕ್ಕು ಬರುವುದಿಲ್ಲ. ಅವಧಿ 12 ತಿಂಗಳದ್ದು ಕೇಳಿ. ಅದನ್ನು ಕೊಡಲೇಬೇಕು.

ಪಾರ್ಕ್ ಮುಚ್ಚುವ ಸುದ್ದಿ ಇದೆಯೇ ಅಂತಲೂ ವಿಚಾರಿಸಿ. ಪಾಲೋ ಆಲ್ಟೋದ ಬ್ಯೂನಾ ವಿಸ್ಟಾ ಪಾರ್ಕ್ ಮುಚ್ಚಲು ಮಾಲೀಕರು 2012ರಲ್ಲಿ ಅರ್ಜಿ ಹಾಕಿದರು. ಅಲ್ಲಿದ್ದ ಸುಮಾರು 400 ಜನ ಐದು ವರ್ಷ ಹೋರಾಡಿದರು. ಕೊನೆಗೆ 2017ರಲ್ಲಿ ಸಾಂಟಾ ಕ್ಲಾರಾ ಕೌಂಟಿಯ ವಸತಿ ಪ್ರಾಧಿಕಾರ ಆ ಜಾಗ ಪಡೆದುಕೊಂಡಿದ್ದರಿಂದ ಪಾರ್ಕ್ ಉಳಿಯಿತು. ಪಕ್ಕದಲ್ಲಿ ದೊಡ್ಡ ಕಟ್ಟಡ ಏಳುತ್ತಿದ್ದರೆ, ಪಾರ್ಕಿನ ಮಾಲೀಕರು ಇತ್ತೀಚೆಗೆ ಬದಲಾಗಿದ್ದರೆ ಎರಡು ಸಲ ಯೋಚಿಸಿ.

ಹೆಜ್ಜೆ 3: ಸಾಲ

ಮನೆ ಅಂದ ಮೇಲೆ ಮನೆ ಸಾಲ ಸಿಗುತ್ತೆ ಅಂದುಕೊಂಡು ತಮ್ಮ ಬ್ಯಾಂಕಿಗೆ ಹೋಗಿ ವಾಪಸ್ ಬಂದವರನ್ನು ಬಹಳ ನೋಡಿದ್ದೇನೆ. ನೆಲ ನಿಮ್ಮದಲ್ಲವಲ್ಲ. ಕಾನೂನಿನ ಕಣ್ಣಿಗೆ ಈ ಮನೆ ಕಾರಿನ ಥರ ಒಂದು ವಸ್ತು. ಊರಿನಲ್ಲಿ ಬೈಕಿಗೆ ಆರ್‌ಸಿ ಇರುವ ಹಾಗೆ ಇದಕ್ಕೆ ಟೈಟಲ್ ಪತ್ರ ಇರುತ್ತದೆ. ಸಾಲವೂ ಅದೇ ಜಾತಿಯದು, ಚಾಟೆಲ್ ಲೋನ್ ಅನ್ನುತ್ತಾರೆ. ಬಡ್ಡಿ ಜಾಸ್ತಿ, ಅವಧಿ ಕಡಿಮೆ.

ಎರಡು ಲಕ್ಷ ಡಾಲರ್ ಸಾಲಕ್ಕೆ 9 ಶೇಕಡ, 20 ವರ್ಷ ಅಂದರೆ ತಿಂಗಳಿಗೆ ಸುಮಾರು 1,799. ಇದೇ ಮೊತ್ತಕ್ಕೆ 6.5 ಶೇಕಡದ 30 ವರ್ಷದ ಮನೆ ಸಾಲವಾಗಿದ್ದರೆ 1,264. ಈ ದರಗಳು ಉದಾಹರಣೆಗೆ ಅಷ್ಟೇ, ಅಂತರ ಗಮನಿಸಿ. 1,799ಕ್ಕೆ ಬಾಡಿಗೆ 1,600 ಸೇರಿಸಿದರೆ 3,399. ಈಗ ನಿಮ್ಮ ಅಪಾರ್ಟ್‌ಮೆಂಟ್ ಬಾಡಿಗೆ ನೋಡಿಕೊಳ್ಳಿ. ಎಷ್ಟೋ ಜನ ಇಲ್ಲಿಗೆ ಬಂದು ಸುಮ್ಮನಾಗುತ್ತಾರೆ. ಸುಮ್ಮನಾಗುವುದೂ ಒಳ್ಳೆಯದೇ.

ಮೂರು ಕಡೆ ದರ ಕೇಳದೆ ಸಹಿ ಹಾಕಬೇಡಿ. ಒಂದಾದರೂ ಕ್ರೆಡಿಟ್ ಯೂನಿಯನ್ ಇರಲಿ, ನಮ್ಮ ಕಡೆಯ ಸಹಕಾರಿ ಬ್ಯಾಂಕಿನ ಥರದ್ದು. ಮನೆ ಮಾರುವ ಡೀಲರ್ ‘ಸಾಲವನ್ನೂ ನಾವೇ ಮಾಡಿಸಿಕೊಡ್ತೀವಿ’ ಅಂದರೆ ದರ ಬರೆಸಿಕೊಂಡು ಎದ್ದು ಬನ್ನಿ. ಈ ವ್ಯಾಪಾರದಲ್ಲಿ ಮನೆ ಕಟ್ಟುವವರು, ಮಾರುವವರು, ಸಾಲ ಕೊಡುವವರು ಒಂದೇ ಮನೆತನದವರಾಗಿರುವುದು ಮಾಮೂಲು. ಕ್ಲೇಟನ್ ಹೋಮ್ಸ್ ದೇಶದ ದೊಡ್ಡ ತಯಾರಕ ಕಂಪನಿ. 21ಸ್ಟ್ ಮಾರ್ಟ್‌ಗೇಜ್, ವ್ಯಾಂಡರ್‌ಬಿಲ್ಟ್ ಮಾರ್ಟ್‌ಗೇಜ್ ಎರಡೂ ಅದರವೇ. ಆ ಕ್ಲೇಟನ್ 2003ರಿಂದ ಬರ್ಕ್‌ಶೈರ್ ಹ್ಯಾಥವೇ ಎಂಬ ದೊಡ್ಡ ಹೂಡಿಕೆ ಕಂಪನಿಯ ಕೈಯಲ್ಲಿದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಒಂದೇ ಅಂಗಡಿಯಲ್ಲಿ ಸೀರೆ, ಬ್ಲೌಸ್, ಹೊಲಿಗೆ ಎಲ್ಲ ಮುಗಿಸಿದರೆ ಚೌಕಾಸಿಗೆ ಜಾಗ ಇರಲ್ಲ, ಅಲ್ವಾ? ಸಾಲದ ಕಂತಿಗೆ ಸೇರಿಸಿ ಕೊಡುವ ಜೀವ ವಿಮೆ ಬೇಡ ಅನ್ನಿ. ಬೇಕಿದ್ದರೆ ಬೇರೆ ಟರ್ಮ್ ಪಾಲಿಸಿ ತೆಗೆದುಕೊಳ್ಳಿ.

ವೀಸಾದಲ್ಲಿರುವವರು ಮೊದಲ ಫೋನಿನಲ್ಲೇ ಅದನ್ನು ಹೇಳಿಬಿಡಿ. ಗ್ರೀನ್ ಕಾರ್ಡ್ ಇಲ್ಲದವರಿಗೆ ಕೆಲವರು ಕೊಡುವುದಿಲ್ಲ, ಕೆಲವರು ಮುಂಗಡ ಜಾಸ್ತಿ ಕೇಳುತ್ತಾರೆ. ಮೈಸೂರಿನ ಸೈಟ್ ಮಾರಿ ದುಡ್ಡು ತರುವ ಯೋಚನೆ ಇದ್ದರೆ ಎನ್‌ಆರ್‌ಒ ಖಾತೆಯಿಂದ (ಅನಿವಾಸಿಗಳು ಭಾರತದ ಆದಾಯಕ್ಕೆ ಇಡುವ ಬ್ಯಾಂಕ್ ಖಾತೆ) ಹಣಕಾಸು ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ತರಬಹುದು. ತೆರಿಗೆ ಕಟ್ಟಿದ ದಾಖಲೆ, ಸಿಎ ಸರ್ಟಿಫಿಕೇಟ್ ಆಗುವಷ್ಟರಲ್ಲಿ ವಾರಗಳೇ ಹೋಗುತ್ತವೆ, ಮೊದಲೇ ಶುರು ಮಾಡಿ. ಸಾಲ ಮನೆಯ ಮೇಲೇ ಒತ್ತೆ ಇದ್ದು, ಒಳಗೆ ಮಲಗುವ, ಅಡುಗೆ ಮಾಡುವ, ಶೌಚದ ವ್ಯವಸ್ಥೆ ಇದ್ದರೆ ಬಡ್ಡಿಯನ್ನು ಮನೆ ಸಾಲದ ಬಡ್ಡಿಯಂತೆಯೇ ಅಮೆರಿಕದ ತೆರಿಗೆಯಲ್ಲಿ ತೋರಿಸಬಹುದು. ಜಾಗದ ಬಾಡಿಗೆ ತೋರಿಸಲು ಬರಲ್ಲ.

ಹೆಜ್ಜೆ 4: ಮನೆಯನ್ನು ಬಗ್ಗಿ ನೋಡಿ

ಮನೆಯ ಹಿಂಬದಿಯ ಹೊರಗೋಡೆಗೆ ಎರಡು ಇಂಚು ನಾಲ್ಕು ಇಂಚಿನ ಒಂದು ಕೆಂಪು ತಗಡು ಬಡಿದಿರುತ್ತದೆ, ಅದೇ ಎಚ್‌ಯುಡಿ (ಅಮೆರಿಕದ ಕೇಂದ್ರ ವಸತಿ ಇಲಾಖೆ) ಲೇಬಲ್. ಎರಡು ಭಾಗ ಜೋಡಿಸಿದ ಡಬಲ್ ವೈಡ್ ಆದರೆ ಎರಡು ತಗಡು. 1976ರ ಜೂನ್ 15ರ ನಂತರ ಕಟ್ಟಿದ ಮನೆಗಳಿಗೆ ಇದು ಇರಲೇಬೇಕು. ಅದಕ್ಕಿಂತ ಹಳೆಯದಾದರೆ ಸಾಲ ಸಿಗುವುದೇ ಅಪರೂಪ. ಎಷ್ಟೇ ಅಗ್ಗವಾದರೂ ನಾನಂತೂ ಕೊಳ್ಳಲ್ಲ. ತಗಡಿನ ಮೇಲೆ ಬಣ್ಣ ಬಳಿದಿದ್ದರೆ ಉಗುರಿನಲ್ಲಿ ಕೆರೆದು ನಂಬರ್ ಫೋಟೋ ತೆಗೆದುಕೊಳ್ಳಿ, ಸಾಲ ಕೊಡುವವರು ಕೇಳುತ್ತಾರೆ. ಒಳಗೆ ಅಡುಗೆಮನೆಯ ಕಪಾಟಿನ ಬಾಗಿಲಿನ ಹಿಂದೆಯೋ ಕರೆಂಟ್ ಪೆಟ್ಟಿಗೆಯ ಪಕ್ಕವೋ ಡೇಟಾ ಪ್ಲೇಟ್ ಎಂಬ ಕಾಗದ ಅಂಟಿಸಿರುತ್ತಾರೆ. ತಯಾರಕರ ಹೆಸರು, ಕಟ್ಟಿದ ತಾರೀಕು ಅದರಲ್ಲಿರುತ್ತದೆ.

ಆಮೇಲೆ ಚಪ್ಪಲಿ ಬಿಟ್ಟು ಓಡಾಡಿ. ವಾಟರ್ ಹೀಟರ್ ಮುಂದೆ, ಟಾಯ್ಲೆಟ್ ಬುಡದಲ್ಲಿ, ಸಿಂಕ್ ಕೆಳಗೆ ಹಿಮ್ಮಡಿಯಿಂದ ಒತ್ತಿ. ಹಳೆ ಮನೆಗಳ ನೆಲ ಮರದ ಪುಡಿ ಒತ್ತಿ ಮಾಡಿದ ಹಲಗೆ. ನೀರು ಕುಡಿದರೆ ಬಿಸ್ಕತ್ತಿನ ಹಾಗೆ ಮೆತ್ತಗಾಗುತ್ತದೆ. ಮೇಲೆ ಹೊಸ ವಿನೈಲ್ ಹಾಸಿ ಮುಚ್ಚಿದ್ದರೂ ಹಿಮ್ಮಡಿಗೆ ಗೊತ್ತಾಗುತ್ತದೆ. ಸಿಂಕ್ ಕೆಳಗೆ ಬೂದು ಬಣ್ಣದ ಪ್ಲಾಸ್ಟಿಕ್ ಪೈಪ್ ಕಂಡರೆ ಅದು ಪಾಲಿಬ್ಯೂಟಿಲೀನ್ ಇರಬಹುದು. 1978ರಿಂದ 1995ರವರೆಗೆ ಹಾಕುತ್ತಿದ್ದರು, ಸೋರುವುದರಲ್ಲಿ ಹೆಸರುವಾಸಿ. ಬದಲಾಯಿಸುವ ಖರ್ಚನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿ.

ಮನೆ ಕೆಳಗೆ ತೂರಿ ನೋಡುವ ಇನ್‌ಸ್ಪೆಕ್ಟರನ್ನೇ ಕರೆಯಿರಿ. ಬಾಗಿಲಲ್ಲಿ ಟಾರ್ಚ್ ಬಿಟ್ಟು ‘ಎಲ್ಲ ಚೆನ್ನಾಗಿದೆ’ ಅನ್ನುವವರು ಬೇಡ. ಕಂಬ ವಾಲಿದೆಯೇ, ಭೂಕಂಪಕ್ಕೆ ಕಟ್ಟುವ ಆಧಾರ ಇದೆಯೇ, ಆಮೇಲೆ ಸೇರಿಸಿದ ವರಾಂಡಕ್ಕೆ ಪರ್ಮಿಟ್ ಇದೆಯೇ, ಇಷ್ಟೂ ಬರೆದು ಕೊಡಲಿ. ಚಾವಣಿಗೆ ಬಳಿದು ‘ಇನ್ನು ಮೂವತ್ತು ವರ್ಷ ಚಿಂತೆಯಿಲ್ಲ’ ಅನ್ನುವ ಬಿಳಿ ಲೇಪವನ್ನು ನಂಬಬೇಡಿ. ಹಳೆ ಸೋರಿಕೆಯ ಮೇಲೆ ಬಳಿದ ಸುಣ್ಣ ಅದು.

ಹೆಜ್ಜೆ 5: ಅರ್ಜಿ, ಎಸ್ಕ್ರೋ, ಟೈಟಲ್

ಇದು ಸುಲಭ. ಪಾರ್ಕಿಗೆ ಅರ್ಜಿ ಹಾಕಿ, ಸಂಬಳದ ಚೀಟಿ, ಹಿಂದಿನ ಮನೆ ಮಾಲೀಕರ ನಂಬರ್ ಕೊಡಿ. ಕೇಳಿದ್ದೆಲ್ಲ ಕೊಟ್ಟ ಮೇಲೆ 15 ಕೆಲಸದ ದಿನಗಳಲ್ಲಿ ಹೌದು ಅಥವಾ ಇಲ್ಲ ಅಂತ ಬರಹದಲ್ಲಿ ಹೇಳಬೇಕು. ಬಾಡಿಗೆ ಕಟ್ಟುವ ಶಕ್ತಿ ಇಲ್ಲ, ಅಥವಾ ಹಿಂದಿನ ಬಾಡಿಗೆ ಮನೆಗಳ ನಡವಳಿಕೆ ನೋಡಿದರೆ ನಿಯಮ ಪಾಲಿಸಲ್ಲ ಅನ್ನಿಸುತ್ತದೆ ಎಂಬ ಕಾರಣಕ್ಕೆ ಬೇಡ ಅನ್ನಬಹುದು. ದುಡ್ಡನ್ನು ಮೊಬೈಲ್ ಹೋಮ್ ಕೆಲಸ ಗೊತ್ತಿರುವ ಎಸ್ಕ್ರೋ (ಕಾಗದಪತ್ರ ಮುಗಿಯುವವರೆಗೆ ಹಣ ಹಿಡಿದಿಡುವ ಮೂರನೆಯವರು) ಮೂಲಕವೇ ಕೊಡಿ. ಮಾರುವವರು ಎಷ್ಟೇ ಪರಿಚಯದವರಾಗಲಿ, ನೇರ ಕೈಗೆ ಬೇಡ. ಟೈಟಲ್ ವರ್ಗಾವಣೆ ರಾಜ್ಯದ ವಸತಿ ಇಲಾಖೆ ಎಚ್‌ಸಿಡಿಯಲ್ಲಿ, ಕಾರು ನೋಂದಾಯಿಸುವ ಡಿಎಂವಿ ಕಚೇರಿಯಲ್ಲಿ ಅಲ್ಲ. ಮನೆಯ ಮೇಲೆ ಹಳೆ ಸಾಲ ಉಳಿದಿದೆಯೇ ಅಂತ ಅಲ್ಲೇ ಹುಡುಕಿಸಬಹುದು. ಕೌಂಟಿಗೆ ತೆರಿಗೆ ಕಟ್ಟುವ ಮನೆಯಾದರೆ ಬಾಕಿ ಇಲ್ಲ ಎಂಬ ಪತ್ರವೂ ಬೇಕು.

ಬೀಗದ ಕೈ ಸಿಕ್ಕ ಮೇಲೆ ಒಂದು ಫೈಲ್ ಶುರು ಮಾಡಿ. ಬಾಡಿಗೆ ಏರಿಸುವ 90 ದಿನ ಮೊದಲು ಪಾರ್ಕಿನವರು ನೋಟಿಸ್ ಕೊಡಬೇಕು. ಆ ಕಾಗದಗಳನ್ನೆಲ್ಲ ತಾರೀಕಿನ ಪ್ರಕಾರ ಅದರಲ್ಲಿ ಸೇರಿಸಿಡಿ. ನನ್ನ ಮನೆ ಮಾರುವಾಗ ಕೊಳ್ಳಲು ಬಂದ ದಾವಣಗೆರೆಯ ಹುಡುಗಿ ಮನೆಯೊಳಗೆ ಕಾಲಿಡುವ ಮುಂಚೆ ಕೇಳಿದ್ದೇ ಆ ಫೈಲ್. ಮೆಟ್ಟಿಲ ಮೇಲೆ ಕೂತು ಒಂದೊಂದೇ ಹಾಳೆ ಓದಿದಳು. ಹತ್ತು ಸಾವಿರ ಕಡಿಮೆ ಮಾಡಿಸಿಕೊಂಡೇ ಒಳಗೆ ಬಂದಳು.