ಸೋರಿಕೆ ಶುರುವಾಗುವುದು ಪೈಪ್ ಕತ್ತರಿಸುವಾಗಲೇ

ಮುಂಬೈ ಹತ್ತಿರದ ಡೊಂಬಿವ್ಲಿಯ ಹಳೇ ಕಟ್ಟಡಗಳಲ್ಲಿ ತುಕ್ಕು ಹಿಡಿದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಕಿತ್ತು ಸಿಪಿವಿಸಿ ಅನ್ನೋ ಪ್ಲಾಸ್ಟಿಕ್ ಪೈಪ್ ಹಾಕುವುದೇ ನನಗೆ ಹೆಚ್ಚಿನ ಕೆಲಸ. ನಮ್ಮ ಕನ್ನಡದವರ ಮನೆಗಳೇ ಜಾಸ್ತಿ. ಎಲ್ಲರದೂ ಒಂದೇ ಮಾತು: "ಅಣ್ಣ, ಸೊಲ್ಯೂಷನ್ ಸ್ವಲ್ಪ ಜಾಸ್ತಿನೇ ಹಾಕಿ, ಕೆಳಗಿನ ಮನೆಯವರ ಜೊತೆ ಜಗಳ ಬೇಡ." ಪೈಪ್ ಓರೆಯಾಗಿ ತುಂಡಾಗಿದ್ದರೆ ಆ ಅಂಟಿನ ಡಬ್ಬಿ ಪೂರ್ತಿ ಸುರಿದರೂ ಜಗಳ ತಪ್ಪಲ್ಲ.

ಓರೆ ತುದಿ ಎಲ್ಬೋ (ಪೈಪ್ ತಿರುಗುವ ಮೂಲೆಗೆ ಹಾಕುವ ಫಿಟ್ಟಿಂಗ್) ಒಳಗೆ ಒಂದು ಕಡೆ ತಳ ಮುಟ್ಟುತ್ತದೆ, ಇನ್ನೊಂದು ಕಡೆ ಮೇಲೇ ನಿಲ್ಲುತ್ತದೆ. ಅರ್ಧ ಇಂಚಿನ ಪೈಪಿಗೆ ಸಾಕೆಟ್, ಅಂದರೆ ಪೈಪ್ ತೂರುವ ಬಾಯಿಯ ಆಳವೇ ಸುಮಾರು ಅರ್ಧ ಇಂಚು. ಅದರಲ್ಲೂ ಒಂದಷ್ಟು ಹೋದರೆ ಅಂಟಲು ಉಳಿಯುವುದೇನು? ಅಳತೆ ತೆಗೆಯುವಾಗ ಎರಡೂ ತುದಿಯ ಈ ಆಳ ಸೇರಿಸಲು ಮರೀಬೇಡಿ.

ಗುರುತಿಗೆ ಹಳೇ ಕ್ಯಾಲೆಂಡರ್ ಹಾಳೆಯ ಪಟ್ಟಿ ಸಾಕು. ಪೈಪಿಗೆ ಸುತ್ತಿ, ಅಂಚಿಗೆ ಅಂಚು ಕೂಡಿಸಿ, ಸುತ್ತಲೂ ಪೆನ್ಸಿಲ್ ಗೆರೆ ಎಳೆಯುತ್ತೇನೆ. ಒಂದು ಇಂಚಿನವರೆಗೆ ರಾಚೆಟ್ ಕಟರ್ (ಹಿಡಿ ಅಮುಕಿದಂತೆ ಸ್ವಲ್ಪ ಸ್ವಲ್ಪವೇ ಕತ್ತರಿಸುವ ಕತ್ತರಿ). ಅದಕ್ಕಿಂತ ದಪ್ಪದ್ದಕ್ಕೆ ಸಣ್ಣ ಹಲ್ಲಿನ ಹ್ಯಾಕ್ಸಾ ಗರಗಸ, ಪೈಪ್ ತಿರುಗಿಸುತ್ತಾ ಗೆರೆ ಹಿಡಿದು. ಕಟರ್ ಮೊಂಡಾದರೆ ಪೈಪನ್ನು ಅಮುಕುತ್ತದೆ, ತುದಿಯಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತದೆ. ತಾರಸಿಯ ಬಿಸಿಲಿಗೆ ಒಣಗಿದ ಹಳೇ ಪೈಪಿಗಂತೂ ನಾನು ಕಟರ್ ಮುಟ್ಟಿಸುವುದೇ ಇಲ್ಲ. ಬಿರುಕು ಕಂಡರೆ, ಅದು ಮುಗಿದ ಜಾಗದಿಂದ ಇನ್ನೂ ಎರಡು ಇಂಚು ಬಿಟ್ಟು ಕತ್ತರಿಸಿ ಬಿಸಾಡುತ್ತೇನೆ. ಪೈಪ್ ದಂಡ ಆಯ್ತು ಅಂತ ಮನೆಯವರು ಮುಖ ಗಂಟಿಕ್ಕಿದರೂ ಸರಿ.

ಕತ್ತರಿಸಿದ ತುದಿಯ ಮೇಲೆ ಬೆರಳಾಡಿಸಿ ನೋಡಿ, ಸಿಬಿರು ಸಿಗುತ್ತದೆ. ಹೊರಗಿನ ಸಿಬಿರು ಸೊಲ್ಯೂಷನ್ನನ್ನು ಕೆರೆದು ಮುಂದಕ್ಕೆ ತಳ್ಳುತ್ತದೆ, ಅಂಟಬೇಕಾದ ಜಾಗವೇ ಬರಿದಾಗುತ್ತದೆ. ಒಳಗಿನದು ನೀರಿನ ಜೊತೆ ಹೋಗಿ ನಲ್ಲಿಯ ಜಾಲರಿಯಲ್ಲಿ ಕೂರುತ್ತದೆ. ಒಳಗೆ ಚಾಕುವಿನಿಂದ ಕೆರೆದು, ಹೊರ ಅಂಚನ್ನು ಅರದಿಂದ ತುಸು ಇಳಿಜಾರು ಮಾಡುತ್ತೇನೆ. ಒಣ ಬಟ್ಟೆಯಲ್ಲಿ ಒರೆಸಿ, ಅಂಟು ಹಚ್ಚದೆ ಒಮ್ಮೆ ತೂರಿಸಿ ನೋಡುತ್ತೇನೆ. ಅರ್ಧದಷ್ಟು ಹೋಗಿ ಬಿಗಿಯಾದರೆ ಸರಿ. ಬುಡದ ತನಕ ಸಡಿಲವಾಗಿ ಹೋದರೆ ಆ ಫಿಟ್ಟಿಂಗ್ ಅಂಗಡಿಗೆ ವಾಪಸ್.

ಆಮೇಲೆ ಸೊಲ್ಯೂಷನ್ ಹಚ್ಚಿ ತೂರಿಸಿ, ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಒತ್ತಿ ಹಿಡಿಯುವುದು. ಬೇಗ ಕೈ ಬಿಟ್ಟರೆ ಪೈಪ್ ಹಿಂದಕ್ಕೆ ಜಾರುತ್ತದೆ. ನೀರು ಬರುವ ಹೊತ್ತು ಎಲ್ಲರ ಮನೆಯಲ್ಲೂ ಅವಸರ, ಗೊತ್ತಲ್ವಾ? ಅದಕ್ಕೇ ಬೆಳಿಗ್ಗೆ ನೀರು ನಿಂತ ಕೂಡಲೇ ಕೆಲಸ ಶುರು ಮಾಡಿ, ಜಾಯಿಂಟ್‌ಗಳನ್ನು ರಾತ್ರಿಯಿಡೀ ಒಣಗಲು ಬಿಡುತ್ತೇನೆ. ಟೈಲ್ಸ್‌ನವನು ಎಷ್ಟೇ ಗೊಣಗಲಿ, ಪ್ರೆಶರ್ ಟೆಸ್ಟ್ (ಒತ್ತಡದಲ್ಲಿ ನೀರು ತುಂಬಿ ಸೋರಿಕೆ ನೋಡುವುದು) ಆಗುವ ತನಕ ಗೋಡೆ ಮುಚ್ಚಲು ಬಿಡಲ್ಲ.