ಇಳಿಜಾರಿನಲ್ಲಿ ಹಿಡಿಯುತ್ತಿದ್ದ ಮಂಡಿ: ನನ್ನ ಅನುಭವ

ನಾನಿರುವುದು ಚಿತ್ರದುರ್ಗದಲ್ಲಿ. ಬೆಳಗ್ಗೆ ಓಡುವುದು ಜೋಗಿಮಟ್ಟಿ ಗುಡ್ಡದ ಕಡೆಗೆ. ಹೋಗುವಾಗ ಏರು, ಬರುವಾಗ ಇಳಿಜಾರು. ಹೋದ ವರ್ಷ ಮೂರೇ ವಾರದಲ್ಲಿ 6 ಕಿಲೋಮೀಟರಿನಿಂದ 14ಕ್ಕೆ ಏರಿಸಿಬಿಟ್ಟೆ. ಉಸಿರು ತಾಳಿಕೊಂಡಿತು, ಮಂಡಿ ತಾಳಲಿಲ್ಲ.

ನೋವು ಬಲಮಂಡಿಯ ಹೊರಬದಿಗೆ, ಒಂದೇ ಬೆರಳಲ್ಲಿ ತೋರಿಸುವಷ್ಟು ಜಾಗದಲ್ಲಿ. ಏರುವಾಗ ಏನೂ ಇಲ್ಲ. ಇಳಿಯತೊಡಗಿದ ಹತ್ತು ನಿಮಿಷಕ್ಕೆ ಹಿಡಿದುಕೊಳ್ಳುತ್ತಿತ್ತು. ನಿಂತರೆ ಹೋಗುತ್ತಿತ್ತು, ಮತ್ತೆ ಓಡಿದರೆ ಹಾಜರ್. ಮನೆಯ ಮೆಟ್ಟಿಲನ್ನೂ ಅಡ್ಡಡ್ಡವಾಗಿ ಇಳಿಯುವ ಹಾಗಾಯಿತು.

ಎಣ್ಣೆ ತಿಕ್ಕಿದೆ, ಮಂಡಿಗೆ ಬಟ್ಟೆ ಸುತ್ತಿದೆ, ತೊಡೆಯ ಪಕ್ಕಕ್ಕೆ ರೋಲರ್ ಹಾಕಿ ಉರುಳಿದೆ. ಒಂದರ್ಧ ಗಂಟೆ ಹಾಯ್ ಅನಿಸುತ್ತಿತ್ತು, ಅಷ್ಟೇ.

ಆಮೇಲೆ ಫಿಸಿಯೋ ಹತ್ತಿರ ಹೋದೆ. ಅವರು ಮಂಡಿಯ ಹೊರಬದಿಯ ಮೂಳೆಯ ಉಬ್ಬಿನ ಮೇಲೆ ಹೆಬ್ಬೆರಳು ಒತ್ತಿ, ಮಡಚಿದ ಕಾಲನ್ನು ನಿಧಾನಕ್ಕೆ ಬಿಡಿಸಿದರು. ಇನ್ನು 30 ಡಿಗ್ರಿಯಷ್ಟು ಮಡಿಕೆ ಉಳಿದಿದೆ ಅನ್ನುವಾಗ ಅದೇ ನೋವು ಚುರುಕ್ ಅಂತು. ಇದು ಐಟಿ ಬ್ಯಾಂಡ್ ತೊಂದರೆ ಅಂದರು. ಸೊಂಟದ ಪಕ್ಕದಿಂದ ತೊಡೆಯ ಹೊರಬದಿಯಲ್ಲೇ ಇಳಿದು ಮಂಡಿಯ ಕೆಳಗಿನ ಮೂಳೆಗೆ ಅಂಟಿಕೊಳ್ಳುವ ದಪ್ಪ ನಾರಿನ ಪಟ್ಟಿ ಅದು. ಮಂಡಿ ಅಷ್ಟು ಮಡಚಿದಾಗ ಪಟ್ಟಿ ಆ ಉಬ್ಬಿಗೆ ಒತ್ತುತ್ತದೆ. ನಡುವೆ ಸಿಕ್ಕುವ ಕೊಬ್ಬಿನ ಪದರದಲ್ಲಿ ನರಗಳು ಜಾಸ್ತಿ, ನೋಯುವುದು ಅದೇ. ಇಳಿಜಾರಿನಲ್ಲಿ ಕಾಲೂರಿದಾಗ ಮಂಡಿ ಹೆಚ್ಚುಕಮ್ಮಿ ಅದೇ ಕೋನದಲ್ಲಿ ಇರುತ್ತದಲ್ವಾ! ಪಟ್ಟಿಯಂತೂ ತುಂಬ ಗಟ್ಟಿ. ಉರುಳಿ ಉದ್ದ ಮಾಡುವಂಥದ್ದಲ್ಲ.

ಮೆಟ್ಟಿಲ ಮೇಲೆ ಬಲಗಾಲಲ್ಲಿ ನಿಂತು ಎಡಹಿಮ್ಮಡಿಯನ್ನು ನೆಲಕ್ಕೆ ತಾಗಿಸಿ ನೋಡು ಅಂದಿದ್ದರು. ಮನೆಯಲ್ಲಿ ಮಾಡುವಾಗ ಅಕ್ಕ ಹಿಂದಿನಿಂದ ನೋಡಿ, "ಏ ತಮ್ಮಾ, ನಿನ್ನ ಎಡಗಡೆ ಸೊಂಟ ಕುಸೀತೈತಲ್ಲೋ" ಅಂದಳು. ಬಲಸೊಂಟದ ಪಕ್ಕದ ಸ್ನಾಯುವಿಗೆ ಮೈಭಾರ ಹಿಡಿಯುವ ಶಕ್ತಿ ಇರಲಿಲ್ಲ.

ಎರಡು ವಾರ ಓಟ ಬಿಟ್ಟು, ಸಮತಟ್ಟಿನಲ್ಲಿ ಬರೀ ನಡೆದೆ. ದಿನ ಬಿಟ್ಟು ದಿನ ಒಂದೇ ವ್ಯಾಯಾಮ. ಗೋಡೆಗೆ ಬೆನ್ನು ಕೊಟ್ಟು ಎಡಮಗ್ಗುಲಲ್ಲಿ ಮಲಗಿ, ಬಲಹಿಮ್ಮಡಿಯನ್ನು ಗೋಡೆಗೆ ತಾಗಿಸಿಕೊಂಡೇ ಮೇಲಕ್ಕೆ ಜಾರಿಸುವುದು. ಕಾಲ್ಬೆರಳು ಸೂರು ನೋಡಬಾರದು, ಮುಂದಕ್ಕೇ ಇರಬೇಕು. ಹಿಮ್ಮಡಿ ಗೋಡೆ ಬಿಟ್ಟಿತೋ, ಕೆಲಸವನ್ನು ತೊಡೆಯ ಮುಂದಿನ ಸ್ನಾಯು ಮಾಡಿಬಿಡುತ್ತದೆ. 15 ಸಲ, ಮೂರು ಸುತ್ತು. ಮೊದಮೊದಲು ಹನ್ನೆರಡನೇ ಸಲಕ್ಕೇ ಕಾಲು ನಡುಗುತ್ತಿತ್ತು. ಆಮೇಲೆ ಮೆಟ್ಟಿಲ ವ್ಯಾಯಾಮ ಸೇರಿಸಿದೆ.

ಓಟ ಮತ್ತೆ 2 ಕಿಲೋಮೀಟರಿನಿಂದ ಶುರು. ಹೆಜ್ಜೆ ಗಿಡ್ಡ ಮಾಡಿ ನಿಮಿಷಕ್ಕೆ 158 ಇದ್ದದ್ದನ್ನು 168 ಮಾಡಿಕೊಂಡೆ. ಮಂಡಿಗೆ ಅದರಿಂದಲೇ ಎಷ್ಟೋ ಹಗುರ. ಇಳಿಜಾರಿಗೆ ಕಾಲಿಟ್ಟಿದ್ದು ಒಂಬತ್ತನೇ ವಾರ.

ಮಂಡಿಯ ಹೊರಬದಿಯ ನೋವೆಲ್ಲ ಇದೇ ಅಂತ ಮಾತ್ರ ಅಂದುಕೊಳ್ಳಬೇಡಿ. ಊತ ಬಂದರೆ, ಮಂಡಿ ಸಿಕ್ಕಿಕೊಂಡ ಹಾಗಾದರೆ, ಬಿದ್ದ ಮೇಲೆ ಅಥವಾ ತಿರುಚಿದ ಮೇಲೆ ಶುರುವಾಗಿದ್ದರೆ, ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆಯಂಥ ಪದರ) ಇಲ್ಲವೇ ಲಿಗಮೆಂಟಿಗೆ (ಮೂಳೆಗಳನ್ನು ಹಿಡಿದಿಡುವ ನಾರು) ಪೆಟ್ಟಾಗಿರಬಹುದು. ಮೊದಲು ಡಾಕ್ಟರಿಗೆ ತೋರಿಸಿ.

ಈಗಲೂ ವಾರಕ್ಕೆರಡು ದಿನ ಗೋಡೆ ವ್ಯಾಯಾಮ ಮಾಡುತ್ತೇನೆ. ಕಳೆದ ತಿಂಗಳು ಮದುವೆ ಓಡಾಟದಲ್ಲಿ ಬಿಟ್ಟುಹೋಗಿತ್ತು. ಇಳಿಯುವಾಗ ಅದೇ ಜಾಗ ಸಣ್ಣಗೆ ಬಿಗಿಯಿತು. ಅವತ್ತು ಸಂಜೆಯೇ ಮತ್ತೆ ಚಾಪೆ ಹಾಸಿದೆ.